ಮತ್ಸ್ಯವಿನೋದ

ತುಮಕೂರಿನ ಅಮಾನಿಕೆರೆ, ಗುಬ್ಬಿಯ ಕೆರೆ, ಕುಣಿಗಲಿನ ದೊಡ್ಡಕೆರೆ, ಇವು ನಮ್ಮ ಜಿಲ್ಲೆಯವರಿಗೆ ಬರಿಯ ಜಲಾಶಯಗಳಲ್ಲ. ಬಿಡುವಿನ ಹೊತ್ತಿನ ನೆಮ್ಮದಿಯ ತಾಣಗಳೂ ಹೌದು. ಇಂತಹದೊಂದು ಕೆರೆಯ ದಡದಲ್ಲಿ ಹಸಿವಿಲ್ಲದವನೊಬ್ಬನು ಕೇವಲ ಕಾಲಕ್ಷೇಪಕ್ಕಾಗಿ ಗಾಳವಿಳಿಸಿ ಕುಳಿತರೆ ಅದರಲ್ಲಿ ದೋಷವುಂಟೆ? ಪ್ರಶ್ನೆಯು ಕ್ಷುದ್ರವೆಂದು ತೋರಬಹುದು. ಆದರೆ ಮತ್ತೊಂದು ಜೀವದ ಸಂಕಟವು ನಮ್ಮ ಸಂತೋಷಕ್ಕೆ ಸಾಮಗ್ರಿಯಾಗಬಹುದೆ ಎಂಬ ವಿಚಾರವು ಇದರೊಳಗೆ ಅಡಗಿದೆ.

ಈ ವಿನೋದವು ಪರದೇಶದಿಂದ ಬಂದುದೆಂದು ಭಾವಿಸುವವರುಂಟು. ಅದು ಸರಿಯಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದವು ರಾಜವಿನೋದಗಳಲ್ಲೊಂದು. ಮೀನುಗಳ ಜಾತಿಭೇದ, ಅವುಗಳಿಗೆ ಹಾಕುವ ಆಹಾರ, ಗಾಳ ಹಾಕುವ ವಿಧಾನ ಎಲ್ಲವನ್ನೂ ಅರಸನು ಆದರದಿಂದ ವಿವರಿಸಿದ್ದಾನೆ. ಆದರೆ ಪ್ರಾಚೀನವಾದ ಮಾತ್ರಕ್ಕೆ ಯಾವುದೂ ಧರ್ಮ್ಯವಾಗದು.

ಮಾಂಸಾಹಾರವು ಸರಿಯೆ ಎಂಬ ವಾದವನ್ನು ಇಲ್ಲಿ ಬೆರೆಸಬೇಕಾಗಿಲ್ಲ. ಬಲೆ ಬೀಸುವ ಬೆಸ್ತನು ನೂರು ಮೀನು ಹಿಡಿದರೂ ಅವನ ಕೆಲಸಕ್ಕೆ ಅನ್ನವು ಗುರಿ. ಮೀನು ಹೊರಳಾಡದೆ ಬಲೆಗೆ ಬಂದರೆ ಅವನಿಗೆ ಲಾಭವೇ. ವಿನೋದಿಯ ರೀತಿ ಬೇರೆ. ಅವನ ಸುಖದಲ್ಲಿ ಎರಡು ಅಂಶಗಳುಂಟು: ನೀರಿನ ಬಳಿ ಮೌನವಾಗಿ ಕಾಯುವುದೊಂದು, ಸಿಕ್ಕಿದ ಮೀನಿನೊಡನೆ ಸೆಣಸುವುದು ಇನ್ನೊಂದು. ಮೊದಲನೆಯದಕ್ಕೆ ಗಾಳವೇ ಬೇಡ. ಎರಡನೆಯದು ಮೀನಿನ ತಳಮಳದಿಂದಲೇ ಹುಟ್ಟತಕ್ಕದ್ದು.

ಮೀನಿಗೆ ನೋವಿಲ್ಲವೆನ್ನುವವರಿದ್ದಾರೆ. 2003ರಲ್ಲಿ ಲಿನ್ ಸ್ನೆಡನ್ ಮೊದಲಾದ ವಿಜ್ಞಾನಿಗಳು ಟ್ರೌಟ್ ಮೀನಿನ ಮುಖಭಾಗದಲ್ಲಿ ಗಾಯವನ್ನು ಗ್ರಹಿಸುವ ನರಗಳಿರುವುದನ್ನು ತೋರಿಸಿದರು. ಅದು ನಮ್ಮ ನೋವಿನಂತಹುದೇ ಎಂಬಲ್ಲಿ ವಿದ್ವಾಂಸರಿಗೆ ಇನ್ನೂ ಏಕಾಭಿಪ್ರಾಯವಿಲ್ಲ. ಹಾಗಿರಲಿ, ಊಟಕ್ಕಾಗಿ ಆ ಸಂಶಯವನ್ನು ದಾಟುವುದು ಬೇರೆ, ಆಟಕ್ಕಾಗಿ ದಾಟುವುದು ಬೇರೆ.

‘ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಟ್ಟುಬಿಡುತ್ತೇವೆ’ ಎಂಬ ಸಮಾಧಾನವು ಈಚೆಗೆ ಕೇಳಿಬರುತ್ತದೆ. ಇದರಲ್ಲಿ ದಯೆಯುಂಟು, ನಿಜ. ಆದರೆ ಕೊಲೆಯು ತಪ್ಪಿದಂತೆಯೇ ಆಹಾರವೆಂಬ ಕಾರಣವೂ ತಪ್ಪಿತು, ಉಳಿದುದು ಸೆಣಸಾಟವೊಂದೇ. ಹಿಡಿದುದನ್ನು ಮನೆಗೆ ಒಯ್ದು ಉಣ್ಣುವವನಿಗಿಂತ ಬಿಟ್ಟುಬಿಡುವವನು ತನ್ನ ಕಾರ್ಯಕ್ಕೆ ಕಾರಣ ಹೇಳುವುದು ಕಷ್ಟ.

ಇದಕ್ಕೊಂದು ಬಲವಾದ ಆಕ್ಷೇಪವಿದೆ. ಕಾವೇರಿಯ ಭೀಮೇಶ್ವರಿಯ ಆಸುಪಾಸಿನಲ್ಲಿ ಮಹಸೀರ್ ಮೀನನ್ನು ಹಿಡಿದು ಬಿಡುವ ವಿನೋದವು ನಡೆದಷ್ಟು ಕಾಲ, ಆ ಶಿಬಿರಗಳ ಕಾವಲೇ ಸಿಡಿಮದ್ದಿನ ಕಳ್ಳಬೇಟೆಗೆ ತಡೆಯಾಗಿತ್ತು. ಕಾವೇರಿಯ ಕಿತ್ತಳೆರೆಕ್ಕೆಯ ಮಹಸೀರ್ 2018ರಲ್ಲಿ ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿತು. ಕೆಲವು ಮೀನುಗಳ ತಳಮಳದಿಂದ ಒಂದು ಕುಲವೇ ಉಳಿಯುವುದಾದರೆ ಅದನ್ನು ಸುಲಭವಾಗಿ ಖಂಡಿಸಲಾಗದು. ಆದರೆ ಆ ಸಮರ್ಥನೆಯು ವಿನೋದದ್ದಲ್ಲ, ರಕ್ಷಣೆಯದು. ರೋಹು ಕಾಟ್ಲಾಗಳ ಮರಿಗಳನ್ನು ತಂದು ಬಿಟ್ಟು ಬೆಳೆಸುವ ಊರಕೆರೆಯ ದಡದಲ್ಲಿ ಕುಳಿತವನು ಅದನ್ನು ಎರವಲು ಪಡೆಯಲಾರನು. ಮೇಲಾಗಿ ಅಂತಹ ಕೆರೆಯ ಮೀನು ಗುತ್ತಿಗೆ ಹಿಡಿದವನ ಜೀವನೋಪಾಯವೂ ಆಗಿರುವುದುಂಟು.

ಆದುದರಿಂದ, ಉಣ್ಣುವವನು ತನಗೆ ಬೇಕಾದಷ್ಟನ್ನು ಹಕ್ಕುಳ್ಳವರ ಒಪ್ಪಿಗೆಯಿಂದ ಹಿಡಿಯಲಿ. ಹಿಡಿದುದನ್ನು ದಡದಲ್ಲಿ ಒದ್ದಾಡಲು ಬಿಡದೆ ಬೇಗನೆ ಕೊಲ್ಲಲಿ. ಮರಿಗಳನ್ನೂ ಮೊಟ್ಟೆಯಿಡುವ ಮಳೆಗಾಲವನ್ನೂ ಬಿಟ್ಟುಕೊಡಲಿ. ನೆಮ್ಮದಿಯನ್ನು ಮಾತ್ರ ಅರಸಿ ಬಂದವನಿಗೆ ಏರಿಯ ಗಾಳಿಯೂ ಸಂಜೆಯ ನೀರೂ ಸಾಕಾಗಬೇಕು. ಅವು ಸಾಲವೆನ್ನುವವನು ತನಗೆ ಇನ್ನೂ ಬೇಕಾದುದು ಏನೆಂಬುದನ್ನು ಗಾಳವೆಸೆಯುವ ಮುನ್ನ ಒಮ್ಮೆ ಕೇಳಿಕೊಳ್ಳಲಿ.