ಪ್ರಸವವೇದನೆಯೂ ನಿರ್ಭಯತೆಯೂ

ಹೆರಿಗೆಯ ನೋವು ಸ್ತ್ರೀಗೆ ದೈವವು ವಿಧಿಸಿದ ದಂಡವೆ, ದೇಹದ ಸಹಜಧರ್ಮವೆ, ಅಥವಾ ಮನಸ್ಸಿನ ಭಯವು ತಂದೊಡ್ಡಿದ ವಿಕಾರವೆ ಎಂಬ ಪ್ರಶ್ನೆಯು ವೈದ್ಯರಿಗೆ ಮಾತ್ರ ಸೇರಿದುದೆಂದು ನಾವು ಸುಮ್ಮನಿರುವಂತಿಲ್ಲ. ಮನೆಯಲ್ಲಿ ಬಸುರಿ ಹೆಣ್ಣುಮಗಳಿರುವ ಪ್ರತಿಯೊಬ್ಬ ಗೃಹಸ್ಥನಿಗೂ, ಆಕೆಯ ತಾಯಿಗೂ ಅತ್ತೆಗೂ ಇದು ಒಂದಿಲ್ಲೊಂದು ದಿನ ಎದುರಾಗತಕ್ಕ ಪ್ರಶ್ನೆ. ಈಚೆಗೆ ನಗರಗಳಲ್ಲಿ ‘ಹಿಪ್ನೋಬರ್ತಿಂಗ್’ ಎಂಬ ಒಂದು ಶಿಕ್ಷಣಕ್ರಮವು ಗರ್ಭಿಣಿಯರಲ್ಲಿ ಬಳಕೆಗೆ ಬರುತ್ತಲಿದೆ. ಉಸಿರಾಟದಿಂದಲೂ ಮನಸ್ಸಿನ ಏಕಾಗ್ರತೆಯಿಂದಲೂ ಭಯವನ್ನು ನೀಗಿ ಸಹಜವಾಗಿ ಹೆರಲು ಕಲಿಸುವ ವಿಧಾನವಿದು. ಇದರ ಹೆಸರನ್ನು ಕೇಳಿದೊಡನೆಯೇ ಕೆಲವರು ವಶೀಕರಣವಿದ್ಯೆಯೆಂದು ಬೆದರುವರು. ಮತ್ತೆ ಕೆಲವರು, ನಮ್ಮ ಶಿವಯೋಗವೇ ಪರದೇಶಕ್ಕೆ ಹೋಗಿ ಹೊಸ ಉಡುಪನ್ನುಟ್ಟು ಮರಳಿದೆಯೆಂದು ಹಿಗ್ಗುವರು. ಎರಡೂ ಅವಸರದ ಮಾತುಗಳು.

ಇದರ ಪೂರ್ವೋತ್ತರವನ್ನು ಮೊದಲು ತಿಳಿಯೋಣ. 1847ರಲ್ಲಿ ಎಡಿನ್‌ಬರೋ ನಗರದ ವೈದ್ಯನಾದ ಜೇಮ್ಸ್ ಯಂಗ್ ಸಿಂಪ್ಸನ್ನನು ಹೆರಿಗೆಯಲ್ಲಿ ಕ್ಲೋರೋಫಾರ್ಮನ್ನು ಬಳಸತೊಡಗಿದಾಗ, ಸ್ತ್ರೀಯು ನೊಂದು ಹೆರಬೇಕೆಂಬುದು ದೈವಾಜ್ಞೆಯೆಂಬ ಆಕ್ಷೇಪಕ್ಕೆ ಅವನು ಆ ವರ್ಷವೇ ಉತ್ತರ ಬರೆಯಬೇಕಾಯಿತು. 1853ರಲ್ಲಿ ವಿಕ್ಟೋರಿಯಾ ರಾಣಿಯು ತಾನೇ ಕ್ಲೋರೋಫಾರ್ಮನ್ನು ಪಡೆದ ಮೇಲೆ ಆಕ್ಷೇಪದ ಧ್ವನಿ ತಗ್ಗಿತು. ಆದರೆ ಕಾಲಕ್ರಮದಲ್ಲಿ ಔಷಧವೇ ಪ್ರಧಾನವಾಗಿ, ಹೆರುವವಳು ಪ್ರಜ್ಞೆಯಿಲ್ಲದೆ ಮಲಗುವುದೂ ಮಗುವನ್ನು ಬೇರೆಯವರು ಹೊರತೆಗೆಯುವುದೂ ಪಶ್ಚಿಮದಲ್ಲಿ ರೂಢಿಯಾಯಿತು. ಆಗ ಗ್ರಾಂಟ್ಲಿ ಡಿಕ್-ರೀಡ್ ಎಂಬ ಆಂಗ್ಲ ವೈದ್ಯನು ಬೇರೊಂದು ದಿಕ್ಕಿನಲ್ಲಿ ಯೋಚಿಸಿದನು. ಲಂಡನ್ನಿನ ವೈಟ್‌ಚಾಪೆಲ್ ಬಡಕೇರಿಯಲ್ಲಿ ಒಬ್ಬ ಹೆಂಗಸು ಅವನು ನೀಡಿದ ಕ್ಲೋರೋಫಾರ್ಮನ್ನು ಬೇಡವೆಂದು, ಗದ್ದಲವಿಲ್ಲದೆ ಹೆತ್ತಳು. ಏಕೆ ಬೇಡವೆಂದೆಯೆಂದು ಕೇಳಿದರೆ, ನೋವಾಗಲಿಲ್ಲ, ನೋಯಬೇಕಾದುದೂ ಇಲ್ಲವಲ್ಲ ಎಂಬ ಅರ್ಥದ ಮಾತನ್ನಾಡಿದಳು. ಆ ಮಾತು ಅವನನ್ನು ಬಿಡಲಿಲ್ಲ. 1933ರಲ್ಲಿ ಸಹಜ ಪ್ರಸವವನ್ನು ಕುರಿತು ಗ್ರಂಥವೊಂದನ್ನು ಬರೆದು, 1942ರಲ್ಲಿ ಮತ್ತೊಂದರಿಂದ ಅದನ್ನು ವಿಸ್ತರಿಸಿದನು. ಭಯದಿಂದ ಬಿಗುವು, ಬಿಗುವಿನಿಂದ ನೋವು, ನೋವಿನಿಂದ ಮತ್ತಷ್ಟು ಭಯ: ಈ ಚಕ್ರವನ್ನು ಭಯದ ಬಳಿಯಲ್ಲಿಯೇ ತುಂಡರಿಸಬೇಕೆಂಬುದು ಅವನ ಸಿದ್ಧಾಂತ. ಬೇಕಾದವಳಿಗೆ ಔಷಧವನ್ನು ಕೊಡಕೂಡದೆಂದು ಅವನೂ ಹೇಳಲಿಲ್ಲವೆಂಬುದನ್ನು ಅವನ ಅನುಯಾಯಿಗಳು ಅನೇಕ ವೇಳೆ ಮರೆಯುತ್ತಾರೆ.

ರಷ್ಯಾದಲ್ಲಿ ಇಂತಹುದೇ ಒಂದು ಕ್ರಮವು ಬೆಳೆದು, 1951ರಲ್ಲಿ ಅದನ್ನು ಕಂಡುಬಂದ ಫೆರ್ನಾನ್ ಲಮಾಜ್ ಎಂಬ ವೈದ್ಯನಿಂದ ಫ್ರಾನ್ಸಿಗೆ ಹಬ್ಬಿತು. 1956ರ ಜನವರಿಯಲ್ಲಿ ಹನ್ನೆರಡನೆಯ ಪಯಸ್ ಪೋಪರು, ನೋವಿಲ್ಲದ ಹೆರಿಗೆಯ ಈ ಕ್ರಮವು ಧರ್ಮಕ್ಕೆ ವಿರುದ್ಧವಲ್ಲವೆಂದು ಸಾರಿದರು. ಡಿಕ್-ರೀಡನ ವಿಚಾರಗಳಿಂದ ಸ್ಫೂರ್ತಿಗೊಂಡ ಅಮೆರಿಕದ ಮೇರಿ ಮೋಂಗನ್ ಎಂಬಾಕೆ 1989ರಲ್ಲಿ ಹಿಪ್ನೋಬರ್ತಿಂಗನ್ನು ರೂಪಿಸಿದಳು.

ಇದರ ಪಾಠಕ್ರಮ ಸರಳವೇ. ಗರ್ಭಿಣಿಯೂ ಆಕೆಯ ಪತಿಯೂ ಕೂಡಿ ಕುಳಿತು ಕಲಿಯುತ್ತಾರೆ. ಉಸಿರನ್ನು ನಿಧಾನವಾಗಿ ಒಳಗೆಳೆದು ಅದಕ್ಕಿಂತಲೂ ನಿಧಾನವಾಗಿ ಬಿಡುವುದು, ಮೈಯ ಒಂದೊಂದು ಅಂಗವನ್ನೂ ಸಡಿಲಿಸುವುದು, ಪ್ರಿಯವಾದ ಒಂದು ಚಿತ್ರವನ್ನು ಮನಸ್ಸಿನಲ್ಲಿ ನಿಲ್ಲಿಸುವುದು, ಇವನ್ನು ದಿನದಿನವೂ ಅಭ್ಯಾಸಮಾಡಿ, ಹೆರಿಗೆಯ ಹೊತ್ತಿಗೆ ತಾನಾಗಿಯೇ ಒದಗುವಂತೆ ಮಾಡಿಕೊಳ್ಳುವುದು. ಇದಕ್ಕೆ ಶಾರೀರಿಕವಾದ ಆಧಾರವೂ ಉಂಟು. ಗರ್ಭಕೋಶವನ್ನು ಸಂಕೋಚಗೊಳಿಸುವ ಆಕ್ಸಿಟೋಸಿನ್ ಎಂಬ ರಸವು ನೆಮ್ಮದಿಯಲ್ಲಿ ಚೆನ್ನಾಗಿ ಸ್ರವಿಸುತ್ತದೆ. ಹೆದರಿಕೆಯಲ್ಲಿ ಏರುವ ಅಡ್ರಿನಲಿನ್ ಅದಕ್ಕೆ ಅಡ್ಡಬರುತ್ತದೆ. ಹಟ್ಟಿಯಲ್ಲಿ ಹಸು ಈಯುವಾಗ ಹೊಸಬರನ್ನು ಹತ್ತಿರ ಬಿಡದ ನಮ್ಮ ಒಕ್ಕಲಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಮ್ಮ ಮನೆಯ ಕಡೆಗೆ ತಿರುಗೋಣ. ಹೆರುವವಳಿಗೆ ಭಯ ಎಲ್ಲಿಂದ ಬರುತ್ತದೆ? ಅರ್ಧವು ಕೇಳಿದ ಕಥೆಗಳಿಂದ. ಉಳಿದರ್ಧವು, ತನ್ನ ದೇಹದಲ್ಲಿ ನಡೆಯುತ್ತಿರುವುದು ಮೈಲಿಗೆಯಾದುದು, ನಾಚಿಕೆಗೇಡಿನದು ಎಂಬ ಭಾವನೆಯಿಂದ. ಹನ್ನೆರಡನೆಯ ಶತಮಾನದ ಶರಣರು ಜನನ, ರಜಸ್ಸು, ಜಾತಿ, ಪ್ರೇತ, ಉಚ್ಛಿಷ್ಟ ಎಂಬ ಪಂಚಸೂತಕಗಳು ಲಿಂಗಾಂಗಿಗೆ ಇಲ್ಲವೆಂದು ಸಾರಿದುದರ ಮಹತ್ವವು ಇಲ್ಲಿಯೇ ವ್ಯಕ್ತವಾಗುತ್ತದೆ. ಶರೀರವನ್ನೇ ದೇವಾಲಯವೆಂದು ಬಗೆದವರಿಗೆ ಮಗುವು ಹುಟ್ಟುವ ದ್ವಾರವು ಹೇಗೆ ಅಶುಚಿಯಾದೀತು? ಗರ್ಭಕ್ಕೆ ಎಂಟನೆಯ ತಿಂಗಳಲ್ಲಿ ಲಿಂಗಧಾರಣೆಯನ್ನು ಮಾಡಿ, ಆ ಲಿಂಗವನ್ನು ತಾಯಿಯು ಶಿಶುವಿಗಾಗಿ ಧರಿಸುವ ಸಂಸ್ಕಾರವು ನಮ್ಮಲ್ಲಿದೆ. ಹುಟ್ಟುವುದಕ್ಕೆ ಮೊದಲೇ ಶಿಶುವು ಶಿವನದಾಗಿರುವಲ್ಲಿ, ಹುಟ್ಟಿನ ಕ್ಷಣವು ದಂಡನೆಯ ಕ್ಷಣವಾಗಲಾರದು. ಹೀಗಿದ್ದರೂ ಲಿಂಗವಂತರ ಎಷ್ಟೋ ಮನೆಗಳಲ್ಲಿ ಬಾಣಂತಿಯನ್ನು ಮೂಲೆಯ ಕೋಣೆಗೆ ತಳ್ಳಿ ಮುಟ್ಟದಿರುವ ಪದ್ಧತಿಯು ಇನ್ನೂ ಅಳಿದಿಲ್ಲ. ವಿಶ್ರಾಂತಿಗಾಗಿ ಕೋಣೆ ಕೊಡುವುದು ಬೇರೆ, ಮೈಲಿಗೆಯೆಂದು ದೂರವಿಡುವುದು ಬೇರೆ. ಎರಡನೆಯದನ್ನು ಉಳಿಸಿಕೊಂಡು ಸೊಸೆಯನ್ನು ನಿರ್ಭಯತೆಯ ಪಾಠಕ್ಕೆ ಕಳುಹಿಸುವುದು ವಿಪರ್ಯಾಸ.

ಶಿವಯೋಗದೊಡನೆ ಹೋಲಿಕೆಯ ಮಾತಿಗೆ ಬರೋಣ. ಹಿಪ್ನಾಟಿಸಂ ಎಂಬ ಹೆಸರನ್ನು ರೂಢಿಗೆ ತಂದ ಮ್ಯಾಂಚೆಸ್ಟರಿನ ಜೇಮ್ಸ್ ಬ್ರೇಡನು 1840ರ ದಶಕದಲ್ಲಿ, ಹೊಳೆಯುವ ವಸ್ತುವಿನ ಮೇಲೆ ದೃಷ್ಟಿಯನ್ನು ನೆಡಿಸಿ ಜನರನ್ನು ಆ ಸ್ಥಿತಿಗೆ ತರುತ್ತಿದ್ದನು. ಅದೇ ದಶಕದಲ್ಲಿ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್‌ಡೇಲನು ಇಂತಹ ಸ್ಥಿತಿಯಲ್ಲಿ ಶಸ್ತ್ರಚಿಕಿತ್ಸೆಗಳನ್ನೂ ನಡೆಸಿದನು. ಕರಸ್ಥಲದ ಇಷ್ಟಲಿಂಗದಲ್ಲಿ ದೃಷ್ಟಿಯನ್ನಿಡುವ ನಮಗೆ ಇದು ಪರಿಚಿತವೆನಿಸುವುದು ಸಹಜ. ಹೊರಗಿನ ಕ್ರಿಯೆ ಒಂದೇ ತೆರನಾದರೂ ಗುರಿ ಬೇರೆ. ಒಂದು ನೋವನ್ನು ತಗ್ಗಿಸಲು ಮನಸ್ಸನ್ನು ಒಂದೆಡೆ ನಿಲ್ಲಿಸುತ್ತದೆ. ಮತ್ತೊಂದು ‘ನಾನು’ ಎಂಬುದನ್ನೇ ಕರಗಿಸಲು. ಶಿವಪೂಜೆಯನ್ನು ನೋವುನಿವಾರಣೆಯ ಉಪಾಯವಾಗಿ ಹೊಗಳುವುದು ಪೂಜೆಗೆ ಗೌರವವಲ್ಲ. ಆದರೆ ನಿತ್ಯವೂ ಸಾವಧಾನವಾಗಿ ಪೂಜೆಗೆ ಕುಳಿತ ಹೆಣ್ಣುಮಗಳಿಗೆ ಉಸಿರನ್ನು ನಿಲುಗಡೆಗೆ ತರುವ ಅಭ್ಯಾಸವು ಮೊದಲೇ ಇರುತ್ತದೆಂಬುದೂ ನಿಜ. ವಶೀಕರಣದ ಭೀತಿಯಂತೂ ನಿರಾಧಾರವಾದುದು. ಇಲ್ಲಿ ಹೆರುವವಳು ಎಚ್ಚರವಾಗಿಯೇ ಇರುತ್ತಾಳೆ. ತನ್ನನ್ನು ತಾನೇ ನಡೆಸಿಕೊಳ್ಳುತ್ತಾಳೆ.

ಒಂದು ವಿಷಯದಲ್ಲಿ ಮಾತ್ರ ನನಗೆ ಸಂಶಯವಿದೆ. ಈ ಪಾಠದಲ್ಲಿ ‘ನೋವು’ ಎಂಬ ಶಬ್ದವನ್ನೇ ತೊರೆದು, ‘ಒತ್ತಡ’ ‘ಅಲೆ’ ಎಂದು ಕರೆಯಲು ಕಲಿಸುತ್ತಾರೆ. ಮಾತು ಮನಸ್ಸನ್ನು ತಿದ್ದುತ್ತದೆಂಬುದನ್ನು ಶರಣರ ಮಕ್ಕಳು ಅಲ್ಲಗಳೆಯಲಾರರು. ಆದರೆ ಹೆಸರನ್ನು ಬದಲಿಸಿದ ಮಾತ್ರಕ್ಕೆ ವಸ್ತುವು ಬದಲಾಗುವುದೆಂದು ನಂಬಿಸುವುದು ಹುಸಿಯ ಅಂಚನ್ನು ಮುಟ್ಟುತ್ತದೆ. ಬ್ರಿಟನ್ನಿನಲ್ಲಿ 680 ಗರ್ಭಿಣಿಯರನ್ನು ಎರಡು ಗುಂಪುಮಾಡಿ ನಡೆಸಿ 2015ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಆತ್ಮಸಂಮೋಹನವನ್ನು ಕಲಿತವರೂ ಕಲಿಯದವರೂ ಬೆನ್ನಿನ ಅರಿವಳಿಕೆಯನ್ನು ಬೇಡಿದ ಪ್ರಮಾಣದಲ್ಲಿ ಹೇಳಿಕೊಳ್ಳುವಂತಹ ಅಂತರ ಕಾಣಲಿಲ್ಲ. ಆದರೆ ಕಲಿತವರಲ್ಲಿ ಹೆರಿಗೆಯ ಬಗೆಗಿನ ಭಯ, ಆತಂಕಗಳು ತಾವು ಎಣಿಸಿದ್ದುದಕ್ಕಿಂತ ಕಡಮೆಯಾಗಿದ್ದುವು. ಭಯವು ತಗ್ಗೀತು, ನೋವು ಉಳಿದರೂ ಉಳಿದೀತು ಎಂದು ಮೊದಲೇ ಹೇಳುವ ಗುರುವು ಸತ್ಯವಂತ. ನೋವೇ ಇರದೆಂದು ಮಾತುಕೊಟ್ಟರೆ, ನೋವು ಬಂದಾಗ ಆ ಎಳೆಯ ತಾಯಿಯು ತಾನು ಸೋತೆನೆಂದೇ ತಿಳಿಯುತ್ತಾಳೆ.

ಈ ಸೋಲಿನ ಭಾವನೆಯೇ ಇಲ್ಲಿಯ ನಿಜವಾದ ಧರ್ಮಸಂಕಟ. ಸಹಜ ಹೆರಿಗೆಯನ್ನು ಪುಣ್ಯವೆಂದೂ ಶಸ್ತ್ರಚಿಕಿತ್ಸೆಯನ್ನು ಕುಂದೆಂದೂ ಎಣಿಸುವವರು ಹೆಚ್ಚುತ್ತಿದ್ದಾರೆ. ಅದಕ್ಕೆ ಕಾರಣವೂ ಇದೆಯೆನ್ನಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ 31.5ರಷ್ಟು ಸಿಸೇರಿಯನ್ನುಗಳು, ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತಲೂ ಹೆಚ್ಚು. ಇಷ್ಟೆಲ್ಲವೂ ಅವಶ್ಯಕವೆಂದು ನಂಬುವುದು ಕಷ್ಟ. ಕಾಯಕದಲ್ಲಿ ಲಾಭದ ಆಸೆ ಬೆರೆತರೆ ಅದು ಕಾಯಕವಾಗಿ ಉಳಿಯದೆಂಬ ಶರಣರ ನಿಷ್ಠುರ ನಿಲುವು ವೈದ್ಯರಿಗೂ ಸಲ್ಲತಕ್ಕುದು. ಆದರೆ ಇನ್ನೊಂದು ತುದಿಯ ಅಪಾಯವೂ ಕಲ್ಪಿತವಲ್ಲ. ಇಂಗ್ಲೆಂಡಿನ ಶ್ರೂಸ್‌ಬರಿ ಮತ್ತು ಟೆಲ್‌ಫೋರ್ಡ್ ಆಸ್ಪತ್ರೆಗಳ ಹೆರಿಗೆ ವಿಭಾಗವನ್ನು ಕುರಿತು 2022ರ ಮಾರ್ಚ್‌ನಲ್ಲಿ ಹೊರಬಂದ ವಿಚಾರಣಾ ವರದಿಯು, ಸಿಸೇರಿಯನ್ನನ್ನು ಕಡಮೆ ಮಾಡಬೇಕೆಂಬ ಹಟವೂ ಅಲ್ಲಿಯ ಅನಾಹುತಗಳಲ್ಲಿ ಪಾಲುಗೊಂಡಿತ್ತೆಂದು ತೋರಿಸಿತು. ಸರಿಯಾದ ಆರೈಕೆ ದೊರೆತಿದ್ದರೆ ಎರಡು ನೂರಕ್ಕೂ ಹೆಚ್ಚು ಶಿಶುಗಳು ಉಳಿಯಬಹುದಾಗಿತ್ತೆಂದು ಅದು ಎಣಿಸಿತು. ವ್ರತವು ಪ್ರಾಣಕ್ಕಿಂತ ದೊಡ್ಡದಾದಾಗ ನಡೆಯುವುದಿದೇ. ಆಚಾರದ ಹೆಸರಿನಲ್ಲಿ ದಯೆಯನ್ನು ಕೈಬಿಟ್ಟವನನ್ನು ಶರಣರು ಆಚಾರವಂತನೆಂದು ಒಪ್ಪಿದುದಿಲ್ಲ. ಹೊಟ್ಟೆಯನ್ನು ಕೊಯ್ದು ಮಗುವನ್ನು ಪಡೆದ ತಾಯಿಯು ಕೊರತೆಯ ತಾಯಿಯಲ್ಲ. ಅರಿವಳಿಕೆಯನ್ನು ಬೇಡಿದವಳು ಹೇಡಿಯಲ್ಲ.

ಹೆರಿಗೆಯ ನಿರ್ಭಯತೆಯು ನಮ್ಮ ನಾಡಿಗೆ ಹೊಸತಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಹಣವನ್ನು ಬಯಸದೆ ಮಾಡಿಸಿದವರೆಂದು ನಾಡು ಬಲ್ಲದು. 2018ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದು, ಆ ವರ್ಷದ ಡಿಸೆಂಬರಿನಲ್ಲಿಯೇ ಲಿಂಗೈಕ್ಯರಾದ ಶರಣೆಯರಂತೆ ಶಾಂತರಾಗಿ ಕಣ್ಮುಚ್ಚಿದರು. ಕಾಯಕವೂ ದಾಸೋಹವೂ ಒಂದಾಗುವುದೆಂದರೇನೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕೆ? ಹಿಪ್ನೋಬರ್ತಿಂಗಿನ ಪಾಠಕ್ಕೆ ತೆರಬೇಕಾದ ಶುಲ್ಕವಾದರೋ ಬಡ ಒಕ್ಕಲಿನವರ ಕೈಗೆ ಎಟುಕತಕ್ಕುದಲ್ಲ. ಹಾಗೆಂದು ಮನೆಯ ಹೆರಿಗೆಗೆ ಮರಳಬೇಕೆಂಬುದು ನನ್ನ ಮಾತಲ್ಲ. ರಕ್ತಸ್ರಾವವಾದರೆ ಧೈರ್ಯವೊಂದರಿಂದಲೇ ಪ್ರಾಣವುಳಿಯದು. ಶಿಕ್ಷಣ ಪಡೆದ ಸೂಲಗಿತ್ತಿಯರನ್ನು ಆಸ್ಪತ್ರೆಯೊಳಕ್ಕೇ ತರಬೇಕೆಂದು ಭಾರತ ಸರ್ಕಾರವು 2018ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿತು. ವಿಶ್ವ ಆರೋಗ್ಯ ಸಂಸ್ಥೆಯು ಅದೇ ವರ್ಷ, ಹೆರುವವಳು ಬಯಸಿದ ಆಪ್ತರೊಬ್ಬರು ಜೊತೆಗಿರಬೇಕೆಂದೂ, ಉಸಿರಾಟ ಮೊದಲಾದ ಶಮನೋಪಾಯಗಳು ಆಕೆಗೆ ಬೇಕಾದರೆ ದೊರೆಯಬೇಕೆಂದೂ, ಅರಿವಳಿಕೆಯೂ ಹಾಗೆಯೇ ದೊರೆಯಬೇಕೆಂದೂ ಶಿಫಾರಸು ಮಾಡಿತು.

ಶುಲ್ಕ ತೆರಲಾರದ ಮನೆಯವರು ಮಾಡಬಹುದಾದುದು ಬಹಳವಿದೆ. ಬಸುರಿಯ ಮುಂದೆ ಸತ್ತವರ, ನರಳಿದವರ ಕಥೆಗಳನ್ನು ಹೇಳದಿರುವುದು. ದಿನವೂ ಪೂಜೆಯಾದ ಬಳಿಕ ಆಕೆಯೊಡನೆ ಸ್ವಲ್ಪ ಹೊತ್ತು ಪತಿಯೂ ಕುಳಿತು ಉಸಿರಾಟವನ್ನು ಅಭ್ಯಾಸಮಾಡುವುದು. ಯಾರು ಜೊತೆಗಿರಬೇಕು, ಯಾವುದು ಬೇಕು, ಯಾವುದು ಬೇಡ ಎಂಬುದನ್ನು ಎಂಟನೆಯ ತಿಂಗಳ ಲಿಂಗಧಾರಣೆಯ ದಿನವೇ ಆಕೆಯ ಬಾಯಿಂದಲೇ ಕೇಳಿ, ವೈದ್ಯರೊಡನೆ ಮಾತನಾಡಿಬರುವುದು. ಆ ದಿನ ಮನೆಗೆ ಬರುವ ಅಯ್ಯನವರು ಮಂತ್ರದೊಡನೆ ಒಂದು ಮಾತನ್ನೂ ಸೇರಿಸಿ, ಈ ಮನೆಯಲ್ಲಿ ಹೆರಿಗೆಗೆ ಸೂತಕವಿಲ್ಲವೆಂದು ಎಲ್ಲರ ಮುಂದೆ ಹೇಳಿ ಹೋಗಬಹುದು.