ಹೆತ್ತವರ ಹೆಸರಿಲ್ಲದ ಸಾಲು



ಕೊಡಿಗೇಹಳ್ಳಿಯ ಒಂದು ಮನೆಯಲ್ಲಿ ಮಗನ ಮದುವೆಯ ಮಾತುಕತೆ ನಡೆದಿತ್ತು. ಹೆಣ್ಣಿನ ಕಡೆಯವರೂ ಕಥೋಲಿಕರೇ. ಎಲ್ಲವೂ ಒಪ್ಪಿಗೆಯಾದ ಮೇಲೆ ಅವರಲ್ಲೊಬ್ಬ ಹಿರಿಯರು ಮೆಲ್ಲಗೆ ಕೇಳಿದರಂತೆ: "ಮೊದಲು ನಿಮ್ಮದು ಯಾವ ಕುಲ?" ಈ ಮನೆಯವರಿಗೆ ಉತ್ತರ ಗೊತ್ತಿರಲಿಲ್ಲ. ಮೂಲ ನೆಲಮಂಗಲದ ಕಡೆ, ಅಜ್ಜನ ಅಜ್ಜ ರಾಯಪ್ಪ, ರಾಗಿ ಬೆಳೆಯುತ್ತಿದ್ದ ರೈತ, ತಿಳಿದದ್ದು ಇಷ್ಟೇ. "ನಮ್ಮ ಹಿರಿಯರು ಯಾರೆಂದು ಹುಡುಕಿಕೊಡಿ ಸ್ವಾಮಿ" ಎಂದು ಹುಡುಗ ನನ್ನ ಬಳಿ ಬಂದ.

ಧರ್ಮಸಭೆಯಲ್ಲಿ ಇದಕ್ಕೊಂದು ದಾರಿಯಿದೆ. ವಿವಾಹವಾದವರ ಮತ್ತು ಜ್ಞಾನತಂದೆತಾಯಿಯರ ಹೆಸರನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ತ್ರೆಂತ್ ಮಹಾಸಭೆ 1563ರಲ್ಲೇ ವಿಧಿಸಿತು. ವಿವಾಹದ ದಾಖಲೆಯಿಂದ ಜ್ಞಾನಸ್ನಾನದ ದಾಖಲೆಗೆ, ಅಲ್ಲಿಂದ ಹೆತ್ತವರಿಗೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ನಡೆಯಬಹುದು.

ಹಳೆಯ ಧರ್ಮಕೇಂದ್ರದ ಪುಸ್ತಕಗಳಲ್ಲಿ ರಾಯಪ್ಪ ಮೊದಲು ಸಿಗಲೇ ಇಲ್ಲ. ಅಂದಿನ ಗುರುಗಳು ಲತೀನಿನಲ್ಲಿ ಬರೆಯುತ್ತಿದ್ದರು. ನಮ್ಮ ಜನರ ರಾಯಪ್ಪ ಅಲ್ಲಿ ಪೇತ್ರುಸ್, ಚಿನ್ನಪ್ಪ ಪೌಲುಸ್. ಇದು ಹೊಳೆದ ಮೇಲೆ ಅವನ ವಿವಾಹದ ಸಾಲು ಸಿಕ್ಕಿತು. ಅದನ್ನು ಹಿಡಿದು ಹೋದರೆ 1878ರ ಜ್ಞಾನಸ್ನಾನದ ಸಾಲು: ಪೇತ್ರುಸ್, ಸುಮಾರು ಆರು ವರ್ಷ, 'ಪರೆಂತಿಬುಸ್ ಇಗ್ನೋತಿಸ್'. ಹೆತ್ತವರು ಯಾರೆಂದು ತಿಳಿಯದು. ಕೆಳಗೆ ಜ್ಞಾನತಾಯಿಯ ಹೆಸರು ಮಾತ್ರ.

1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ಭೀಕರ ಬರ ಸುಟ್ಟಿತು. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅನಾಥರಾದ ಮಕ್ಕಳನ್ನು ಫ್ರೆಂಚ್ ಗುರುಗಳು ಸಾಕಿದರು. ಅವರು ಬೆಳೆದ ಮೇಲೆ ಉಳುಮೆಗೆ ನೆಲ ಒದಗಿಸಿದರು. ಸಿಲುವೆಪುರದಂಥ ಕ್ರೈಸ್ತ ಊರುಗಳ ಹಿಂದೆ ಈ ಬರದ ಮಕ್ಕಳಿದ್ದಾರೆ.

ಹುಡುಗನ ಮುಖ ಬಾಡಿತು. ಮನೆಗೆ ಹೋಗಿ ಹೇಳಿದಾಗ ಅವನ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ನನಗೆ ಗೊತ್ತಿತ್ತು ಸ್ವಾಮಿ. ನಮ್ಮ ಮಾವನ ಅಪ್ಪ ಗಂಜಿ ಕುಡಿದು ಬದುಕಿದ ತಬ್ಬಲಿ ಅಂತ ಹೇಳೋಕೆ ನಾಚಿಕೆ ಆಗ್ತಿತ್ತು" ಎಂದರು.

ಪ್ರಿಯರೇ, ಸಂತ ಮತ್ತಾಯನ ಶುಭಸಂದೇಶವು ವಂಶಾವಳಿಯಿಂದ ಆರಂಭವಾಗುತ್ತದೆ. ಹದಿನಾಲ್ಕರಂತೆ ಮೂರು ಸರದಿ ತಲೆಮಾರುಗಳು. ನಡುವೆ ಪರನಾಡಿನ ರೂತಳಿದ್ದಾಳೆ, ಊರು ಬಾಯಿಗೆ ಬಂದಂತೆ ಆಡಿಕೊಂಡ ರಹಾಬಳಿದ್ದಾಳೆ. ಆ ಸಾಲು ಎಲ್ಲಿಗೆ ಬಂದು ನಿಲ್ಲುತ್ತದೆ ನೋಡಿದ್ದೀರಾ? ಸಂತ ಜೋಸೆಫರ ಬಳಿಗೆ. ಅವರು ಯೇಸುಸ್ವಾಮಿಯನ್ನು ಹೆತ್ತ ತಂದೆಯಲ್ಲ, ಸಾಕಿದ ತಂದೆ. ರಕ್ತದ ನೂಲು ಅಲ್ಲಿ ಕಡಿಯುತ್ತದೆ, ಪ್ರೀತಿಯ ನೂಲು ಅದನ್ನು ಕಟ್ಟುತ್ತದೆ. ದಾವೀದನ ಕುಲ ಯೇಸುವಿಗೆ ಸಂದದ್ದು ಒಬ್ಬ ಬಡಗಿ "ಈ ಮಗು ನನ್ನದು" ಎಂದು ಹೆಸರಿಟ್ಟು ಒಪ್ಪಿಕೊಂಡಿದ್ದರಿಂದ.

ಆ 1878ರ ಸಾಲಿನಲ್ಲೂ ನಡೆದದ್ದು ಇದೇ. ಹೆತ್ತವರ ಜಾಗ ಖಾಲಿ. ಆದರೆ ಹಸಿವಿನ ಆ ದಿನಗಳಲ್ಲಿ ಯಾರೋ ಒಬ್ಬ ಹೆಣ್ಣುಮಗಳು ಕುಲ ಕೇಳದೆ ಆ ಮಗುವಿನ ಪಕ್ಕ ನಿಂತಳು. ಆ ಮನೆತನದ ಮೂಲ ಅಲ್ಲಿದೆ. ಅದರಲ್ಲಿ ನಾಚುವಂಥದ್ದೇನಿದೆ?

ನಾಚಬೇಕಾದವರು ನಾವು. ಕ್ರಿಸ್ತರಲ್ಲಿ ಕುಲಭೇದವಿಲ್ಲವೆಂದು ಪ್ರಸಂಗ ಮಾಡುತ್ತೇವೆ. ಹೆಣ್ಣುಗಂಡಿನ ಮಾತು ಬಂದಾಗ ಅದೇ ಭೇದವನ್ನು ಹಿತ್ತಲ ಬಾಗಿಲಿನಿಂದ ಒಳಗೆ ಕರೆಯುತ್ತೇವೆ. ಎಷ್ಟೋ ಮನೆಗಳಲ್ಲಿ ಆ ಪ್ರಶ್ನೆ ಕಿವಿಗೆ ಬಿದ್ದರೂ ನಾನು ಕೇಳದವನಂತೆ ಕಾಫಿ ಕುಡಿದು ಎದ್ದು ಬಂದಿದ್ದೇನೆ. ಅದು ನನ್ನ ತಪ್ಪು.

ಮದುವೆ ಏನಾಯಿತು ಎಂದು ಕೇಳುತ್ತೀರಿ. ಮಾತುಕತೆ ಇನ್ನೂ ಮುಗಿದಿಲ್ಲ. ಹುಡುಗ ಆ ಸಾಲನ್ನು ಬರೆದುಕೊಂಡು ತಾನೇ ಹೆಣ್ಣಿನ ಮನೆಗೆ ಹೋದ. ಈ ಸಲ ನಾನೂ ಜೊತೆಗೆ ಹೋದೆ.

ನಿಮ್ಮ ಮನೆಯ ಹಿರಿಯರು ಇರುವಾಗಲೇ ಒಂದು ನೋಟ್‌ಬುಕ್ ಹಿಡಿದು ಅವರ ಪಕ್ಕ ಕುಳಿತುಕೊಳ್ಳಿ. ಹೆಸರು, ಊರು, ಜ್ಞಾನತಂದೆತಾಯಿಯರು, ಎಲ್ಲವನ್ನೂ ಬರೆದಿಡಿ. ಎಲ್ಲಾದರೂ ಹೆಸರು ಸಿಗದೆ ಸಾಲು ಖಾಲಿ ಉಳಿದರೆ ಮುಚ್ಚಿಡಬೇಡಿ. ನವೆಂಬರ್ ತಿಂಗಳಲ್ಲಿ ಅಗಲಿದವರಿಗಾಗಿ ಪ್ರಾರ್ಥಿಸುವಾಗ, ಆ ಹೆಸರಿಲ್ಲದ ತಾಯಿತಂದೆಗಾಗಿಯೂ ಒಂದು ಮೇಣದಬತ್ತಿ ಹಚ್ಚಿ. ನಮಗೆ ಗೊತ್ತಿಲ್ಲದ ಆ ಹೆಸರನ್ನು ದೇವರು ಮರೆತಿಲ್ಲ.