ಸೆಕೆಂಡ್ ಓನರ್‌ನ ಪಾಪ-ಪುಣ್ಯ

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವನಿಗೆ ಪಾಪ ಅಂಟುವುದಿಲ್ಲ ಅಂತ ನಮ್ಮ ಆಫೀಸಿನಲ್ಲಿ ಒಂದು ನಂಬಿಕೆ ಇದೆ. ಕಾರು ತಯಾರಾಗಿ ಆಯ್ತು. ಅದರ ಉಕ್ಕು ಕರಗಿಸಿದ ಹೊಗೆ ಆಗಲೇ ಗಾಳಿ ಸೇರಿತು. ಮೊದಲ ಓನರ್ ಶೋರೂಮಿನ ಮುಂದೆ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದ ದಿನವೇ ಆ ಲೆಕ್ಕ ಅವನ ಖಾತೆಗೆ ಬಿತ್ತು. ನಾವು ಉಳಿದದ್ದನ್ನು ಬಳಸುವವರು ಅಷ್ಟೆ. ಹಾಗಿದ್ದಮೇಲೆ ಪೆಟ್ರೋಲ್ ಆದರೇನು, ಡೀಸೆಲ್ ಆದರೇನು? ಎಲೆಕ್ಟ್ರಿಕ್ ನೋಡ್ತಾ ಇದೀನಿ ಅಂತ ಹೇಳಿದಾಗ ಪಕ್ಕದ ಟೀಮಿನ ಗೆಳೆಯ ಅಂದಿದ್ದೂ ಇದೇ: "ನೀನು ತಗೊಳ್ದಿದ್ರೆ ಇನ್ನೊಬ್ಬ ತಗೋತಾನೆ ಮಗಾ. ಕಾರಂತೂ ಓಡೇ ಓಡುತ್ತೆ."

ಸುಲಭಕ್ಕೆ ತಳ್ಳಿಹಾಕುವಂಥ ಮಾತಲ್ಲ ಇದು. ಮೂರು ತಿಂಗಳು ಕಾರು ಹುಡುಕುತ್ತಾ ಇದನ್ನೇ ಹಿಂದೆ ಮುಂದೆ ಮಾಡಿ ನೋಡಿದ್ದೇನೆ.

ಮೊದಲು ನಮ್ಮ ಸ್ಥಿತಿ. ವಿಜಯನಗರದಲ್ಲಿ ಬಾಡಿಗೆ ಮನೆ. ಬಜೆಟ್ 8 ಲಕ್ಷ. ವಾರಕ್ಕೆ ಮೂರು-ನಾಲ್ಕು ದಿನ ಆಫೀಸು, ಹೋಗಿ ಬರಲು 35 ಕಿಲೋಮೀಟರ್. ತಿಂಗಳಿಗೊಮ್ಮೆ ಹೆಂಡತಿಯ ತವರು ತಿಪಟೂರು, ಹೋಗಿ ಬಂದರೆ ಹತ್ತಿರ ಹತ್ತಿರ 300. ಎಲ್ಲ ಸೇರಿ ವರ್ಷಕ್ಕೆ 10 ಸಾವಿರ ಅಂತಿಟ್ಟುಕೊಳ್ಳಿ. ಅತ್ತೆಗೆ ಸ್ಟೆಂಟ್ ಹಾಕಿದ್ದಾರೆ. ರಾತ್ರಿ ಹನ್ನೊಂದಕ್ಕೆ ಫೋನ್ ಬಂದರೂ ಹೊರಡಬೇಕು. ಹಾಗಾಗಿ ನಮಗೆ ಕಾರಿನ ರೇಂಜ್ ಅನ್ನೋದು ಬ್ರೋಷರಿನ ಸಂಖ್ಯೆ ಅಲ್ಲ. ನೆಕ್ಸಾನ್ ಇವಿ 2020ರಲ್ಲಿ ಬಂದಾಗ 30.2 ಯೂನಿಟ್ ಬ್ಯಾಟರಿಗೆ 312 ಕಿಲೋಮೀಟರ್ ಅಂತ ಕಂಪನಿ ಹೇಳಿತ್ತು. ಎಸಿ ಹಾಕಿಕೊಂಡು ಹೈವೇಯಲ್ಲಿ ಓಡಿಸುವವರನ್ನು ಕೇಳಿ, 200 ಅಂತಾರೆ. ತಿಪಟೂರಿಗೆ ಒಂದು ಕಡೆಗೆ ಸಾಕು. ಅಲ್ಲಿ ಮಾವನವರ ಮನೆಯ 15 ಆಂಪ್ ಪ್ಲಗ್ಗಿನಲ್ಲಿ ಪೂರ್ತಿ ತುಂಬೋಕೆ ಎಂಟೊಂಬತ್ತು ಗಂಟೆ, ಅದೂ ಕರೆಂಟ್ ಇದ್ದರೆ.

ಈಗ ಹೊಗೆಯ ಲೆಕ್ಕ. 1 ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್, ಡೀಸೆಲ್ ಆದರೆ 2.7. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಲೀಟರಿಗೆ 14 ಕೊಡುವ ಪೆಟ್ರೋಲ್ ಕಾರು ನಮ್ಮ 10 ಸಾವಿರ ಕಿಲೋಮೀಟರಿಗೆ 1,600 ಕೆಜಿ ದಾಟುತ್ತದೆ. 17 ಕೊಡುವ ಡೀಸೆಲ್ಲೂ ಹೆಚ್ಚುಕಮ್ಮಿ ಅಷ್ಟೇ. ಎಲೆಕ್ಟ್ರಿಕ್ಕಿಗೆ ಹೊಗೆ ಕೊಳವೆ ಇಲ್ಲ, ಆದರೆ ಕರೆಂಟಿಗೆ ಇದೆಯಲ್ಲ. ದೇಶದ ಸರಾಸರಿ ತಗೊಂಡರೆ ಯೂನಿಟ್‌ಗೆ ಸುಮಾರು 0.7 ಕೆಜಿ. ಚಾರ್ಜಿಂಗ್‌ನಲ್ಲಿ ಸೋರುವುದನ್ನೂ ಸೇರಿಸಿ ಯೂನಿಟ್‌ಗೆ 6 ಕಿಲೋಮೀಟರ್ ಅಂದರೆ ವರ್ಷಕ್ಕೆ 1,170 ಕೆಜಿ. ಲೀಟರಿಗೆ 21 ಕೊಡುವ ಸ್ಟ್ರಾಂಗ್ ಹೈಬ್ರಿಡ್? 1,100. ಹೌದು, ಸ್ವಲ್ಪ ಕಡಿಮೆಯೇ. ಕಚ್ಚಾ ತೈಲ ಎತ್ತಿ, ಸೋಸಿ, ಹಡಗಿನಲ್ಲಿ, ಟ್ಯಾಂಕರಿನಲ್ಲಿ ಬಂಕಿಗೆ ತರುವ ಹೊಗೆ ಸೇರಿಸಿದರೆ ಎಣ್ಣೆಯ ಕಡೆ ತಕ್ಕಡಿ ಇನ್ನಷ್ಟು ಕೆಳಗಿಳಿಯುತ್ತದೆ. ಆದರೂ ಎಲೆಕ್ಟ್ರಿಕ್ ಅಂದರೆ ಸೊನ್ನೆ ಅನ್ನುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಲಿ.

ಬಿಡದಿಯಲ್ಲೇ ತಯಾರಾಗುವ ಆ ಸ್ಟ್ರಾಂಗ್ ಹೈಬ್ರಿಡ್‌ಗಳು 2022ರಿಂದೀಚಿನವು, ಹಳೆಯದಾದರೂ ನಮ್ಮ 8 ಲಕ್ಷಕ್ಕೆ ಸಿಗಲಿಲ್ಲ. ಸಿಗುವ "ಹೈಬ್ರಿಡ್"ಗಳು ಬೇರೆ. 2015ರ ಸುಮಾರಿನ ಡೀಸೆಲ್ ಕಾರುಗಳ ಹಿಂದೆ ಎಸ್‌ಎಚ್‌ವಿಎಸ್ ಅಂತ ಬರೆದಿರುತ್ತಲ್ಲ, ಅವು ಕರೆಂಟಿನ ಮೇಲೆ ಒಂದು ಮೀಟರ್ ಕೂಡ ಓಡುವುದಿಲ್ಲ. ಸಿಗ್ನಲ್ಲಿನಲ್ಲಿ ಎಂಜಿನ್ ನಿಲ್ಲಿಸಿ ಮತ್ತೆ ಎಬ್ಬಿಸುವ, ಪಿಕಪ್‌ಗೆ ಒಂಚೂರು ಕೈ ಕೊಡುವ ವ್ಯವಸ್ಥೆ ಅದು. ಅದಕ್ಕೇ 2017ರಲ್ಲಿ ಅವುಗಳ ಸಬ್ಸಿಡಿ ಹೋಯಿತು. ಬ್ರೋಕರ್ ಮಾತ್ರ ಇವತ್ತಿಗೂ "ಹೈಬ್ರಿಡ್ ಗಾಡಿ ಸಾರ್" ಅಂತಲೇ ಶುರು ಮಾಡುತ್ತಾನೆ.

ಸರಾಸರಿ ಅನ್ನೋದು ಒಂದು ಮಾತು. ನಾವಿರುವುದು ಕರ್ನಾಟಕದಲ್ಲಿ. ಶರಾವತಿ ಇದೆ, ಕೈಗಾ ಇದೆ, 2,050 ಮೆಗಾವಾಟ್‌ನ ಪಾವಗಡದ ಸೋಲಾರ್ ಪಾರ್ಕ್ ಇದೆ. ರಾಯಚೂರು, ಬಳ್ಳಾರಿಯ ಕಲ್ಲಿದ್ದಲೂ ಇದೆ. ಬಿಸಿಲಿನ ಕರೆಂಟ್ ಹಗಲಿನದು. ರಾತ್ರಿ ಊಟ ಮುಗಿಸಿ ಪ್ಲಗ್ ಚುಚ್ಚಿದರೆ ನನ್ನ ಕಾರಿಗೆ ಪಾವಗಡದ ಸೂರ್ಯ ಸಿಗುವುದಿಲ್ಲ. ಅದೇ ಕಾರನ್ನು ಆಫೀಸಿನ ಬೇಸ್‌ಮೆಂಟಿನಲ್ಲಿ ಮಧ್ಯಾಹ್ನ ಚಾರ್ಜ್ ಮಾಡಿದರೆ ಲೆಕ್ಕವೇ ಬೇರೆ. ಅಂದರೆ ಎಲೆಕ್ಟ್ರಿಕ್ ಎಷ್ಟು ಶುದ್ಧ ಅನ್ನುವುದು ಕಾರಿಗಿಂತ ಹೆಚ್ಚಾಗಿ ನಾನು ಯಾವ ಹೊತ್ತಿಗೆ ಪ್ಲಗ್ ಹಾಕ್ತೀನಿ ಅನ್ನುವುದರ ಮೇಲಿದೆ. ನಮ್ಮ ಮಟ್ಟಿಗೆ ಈ ತೀರ್ಮಾನ ತಾನಾಗಿಯೇ ಆಯಿತು. ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ಚಾರ್ಜಿಂಗ್ ಪಾಯಿಂಟ್‌ಗೆ ಒಪ್ಪಲಿಲ್ಲ. ಕಾರಣ: "ನೀವು ಟೆನೆಂಟ್ಸ್ ಅಲ್ವಾ." ಸ್ವಂತ ಮನೆ ಇದ್ದವನಿಗೆ ಯೂನಿಟ್‌ಗೆ ಸುಮಾರು 6 ರೂಪಾಯಿ. ಬಾಡಿಗೆಯವನು ರಸ್ತೆಬದಿಯ ಫಾಸ್ಟ್ ಚಾರ್ಜರ್‌ನಲ್ಲಿ ಅದರ ಮೂರು ಪಟ್ಟು ಕೊಡಬೇಕು. ಪರಿಸರದ ಬಗ್ಗೆ ಭಾಷಣ ಮಾಡುವವರು ಯಾರ ಮನೆಗೆ ಪಾರ್ಕಿಂಗ್ ಇದೆ ಅಂತ ಮೊದಲು ಕೇಳಿದರೆ ಒಳ್ಳೇದು.

ಇನ್ನು, ಎಲ್ಲ ಹೊಗೆಯೂ ಒಂದೇ ಅಲ್ಲ. ಇಂಗಾಲದ ಡೈಆಕ್ಸೈಡ್ ಎಲ್ಲಿ ಬಿಟ್ಟರೂ ಒಂದೇ. ಮಸಿ, ಬೂದಿ ಹಾಗಲ್ಲ, ಬಿಟ್ಟ ಜಾಗದಲ್ಲಿ ಬೀಳುತ್ತವೆ. ಹಳೇ ಡೀಸೆಲ್ಲಿನ ಮಸಿ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತ ಟ್ರಾಫಿಕ್ ಪೊಲೀಸರ ಮೂಗಿಗೆ ಹೋಗುತ್ತದೆ, ಗಾಜು ಏರಿಸಿ ಕೂತ ನನ್ನ ಮೂಗಿಗಲ್ಲ. ನಾನು ಎಲೆಕ್ಟ್ರಿಕ್ ಕೊಂಡರೆ ಆ ಪೊಲೀಸರಿಗೆ ಉಸಿರು ಸಿಗುತ್ತದೆ, ರಾಯಚೂರಿನ ಶಕ್ತಿನಗರದವರ ಮೇಲೆ ಸ್ವಲ್ಪ ಹೆಚ್ಚು ಬೂದಿ. ಪಾವಗಡದಲ್ಲಿ ಹೊಗೆ ಇಲ್ಲ ನಿಜ. ಆದರೆ ಅಲ್ಲಿನ ಸುಮಾರು 13,000 ಎಕರೆಗೆ ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಬಾಡಿಗೆ ಶುರುವಾಯಿತು. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಜಮೀನು ಇಲ್ಲ, ಬಾಡಿಗೆಯೂ ಇಲ್ಲ. ಇಷ್ಟೆಲ್ಲ ಗೊತ್ತಿದ್ದೂ ನನ್ನ ಓಟು ಸಿಗ್ನಲ್ಲಿನಲ್ಲಿ ನಿಂತವರ ಕಡೆಗೇ. ಕರೆಂಟಿನ ಮೂಲ ಬದಲಾಗಬಹುದು, ಬದಲಾಗುತ್ತಲೂ ಇದೆ. ಡೀಸೆಲ್ ಟ್ಯಾಂಕಿಗೆ ಹತ್ತು ವರ್ಷವಾದರೂ ಡೀಸೆಲ್ಲೇ ಹಾಕಬೇಕು.

ಈಗ ಗೆಳೆಯನ ಮಾತಿಗೆ ಬರ್ತೀನಿ. ಕಾರು ಓಡೇ ಓಡುತ್ತೆ ಅನ್ನುವುದು ಆ ಒಂದು ಕಾರಿನ ಮಟ್ಟಿಗೆ ನಿಜ. ರೇಟಿನ ಮಟ್ಟಿಗೆ ನಿಜವಲ್ಲ. ಹೊಸ ಕಾರು ಕೊಳ್ಳುವ ನಮ್ಮ ಜನ ಮೊದಲು ಕೇಳುವುದು ಮೈಲೇಜ್, ಎರಡನೆಯದು ರೀಸೇಲ್. ಎಲೆಕ್ಟ್ರಿಕ್ ವಿಷಯದಲ್ಲಿ ಹಿಂಜರಿಯುವ ಹತ್ತು ಜನರಲ್ಲಿ ಎಂಟು ಜನರ ಬಾಯಲ್ಲಿ ಕೇಳಿದ್ದೇನೆ: "ಐದು ವರ್ಷ ಆದ್ಮೇಲೆ ಯಾರು ತಗೋತಾರೆ ಗುರೂ?" ಆ "ಯಾರು" ಅನ್ನುವುದು ನಾನು. 15 ಲಕ್ಷಕ್ಕೆ ಕೊಂಡವನಿಗೆ ನಾನು 8 ಕೊಟ್ಟರೆ ಅವನಿಗೆ ಆ ಕಾರು ಬಿದ್ದದ್ದು 7 ಲಕ್ಷಕ್ಕೆ. ಅದನ್ನು ನೋಡಿ ಅವನ ಪಕ್ಕದ ಮನೆಯವನು ಶೋರೂಮಿಗೆ ಹೋಗುತ್ತಾನೆ, ಅಥವಾ ಹೋಗುವುದಿಲ್ಲ. ಎರಡನೇ ಕೈಯವನು ಹಿಂದಿನ ಸೀಟಿನಲ್ಲಿ ಕೂತು ಮೊದಲನೆಯವನ ಸ್ಟೇರಿಂಗ್ ತಿರುಗಿಸುತ್ತಿರುತ್ತಾನೆ. ನನ್ನದು ಸಾಗರದಲ್ಲಿ ಒಂದು ಹನಿ ಅಂತೀರಾ? ಹೌದು. "ಇನ್ನೊಬ್ಬ ತಗೋತಾನೆ" ಅನ್ನುವಾಗ ಆ ಇನ್ನೊಬ್ಬನೂ ಒಂದು ಹನಿಯೇ.

ಈ ವಾದ ಒಪ್ಪಿದರೆ ಇನ್ನೊಂದನ್ನೂ ಒಪ್ಪಬೇಕಾಗುತ್ತದೆ. ಹೊಸ ಎಲೆಕ್ಟ್ರಿಕ್‌ಗೆ ಬಲ ಕೊಟ್ಟ ಪುಣ್ಯದಲ್ಲಿ ಪಾಲು ಕೇಳುವವನು ಅದರ ಗಣಿಯಲ್ಲೂ ಪಾಲು ತಗೊಳ್ಳಬೇಕು. ಜಗತ್ತಿನ ಕೋಬಾಲ್ಟ್‌ನಲ್ಲಿ ಬಹುಪಾಲು ಬರುವುದು ಕಾಂಗೋದಿಂದ. ಅಲ್ಲಿ ಮಕ್ಕಳು ಅದಿರು ಅಗೆಯುವ ಬಗ್ಗೆ ಆಮ್ನೆಸ್ಟಿ 2016ರಲ್ಲೇ ವರದಿ ಮಾಡಿತ್ತು. ನಾವು ನೋಡಿದ ನೆಕ್ಸಾನ್‌ನ ಬ್ಯಾಟರಿ ಎಲ್‌ಎಫ್‌ಪಿ, ಕೋಬಾಲ್ಟ್ ಇಲ್ಲದ್ದು. ಅಷ್ಟರಮಟ್ಟಿಗೆ ನೆಮ್ಮದಿ. ಲಿಥಿಯಂ ಅಂತೂ ಇದ್ದೇ ಇದೆ. ಮಂಡ್ಯದ ಮರಳಗಾಲದಲ್ಲಿ 1,600 ಟನ್ ಲಿಥಿಯಂ ಇರಬಹುದು ಅಂತ ಸರ್ಕಾರ ಹೇಳಿದಾಗ ನಾವೆಲ್ಲ ಖುಷಿಯಾಗಿ ವಾಟ್ಸಾಪ್ ಸ್ಟೇಟಸ್ ಹಾಕಿಕೊಂಡೆವು. ನಾಳೆ ಅಲ್ಲಿ ಅಗೆಯಲು ಶುರು ಮಾಡಿದರೆ ಅದು ದೂರದ ಚಿಲಿಯ ಸುದ್ದಿ ಅಲ್ಲ, ಕಬ್ಬಿನ ಗದ್ದೆಯ ಪಕ್ಕದ ಸುದ್ದಿ.

ಹಳೇ ಎಲೆಕ್ಟ್ರಿಕ್‌ನ ದೊಡ್ಡ ತೊಡಕು ನಂಬಿಕೆಯದು. ಜಾರ್ಜ್ ಅಕರ್ಲಾಫ್ ಅನ್ನುವ ಅರ್ಥಶಾಸ್ತ್ರಜ್ಞ 1970ರಲ್ಲಿ ಹಳೇ ಕಾರುಗಳ ಉದಾಹರಣೆ ಇಟ್ಟುಕೊಂಡೇ ಒಂದು ಪ್ರಬಂಧ ಬರೆದ. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಒಳ್ಳೇ ಕಾರಿನವರು ಮಾರುಕಟ್ಟೆಯಿಂದಲೇ ಹೊರಗೆ ಉಳಿಯುತ್ತಾರೆ ಅನ್ನುವುದು ಅದರ ತಿರುಳು. 2001ರಲ್ಲಿ ನೊಬೆಲ್ ಬಂತು. ನಮ್ಮ ಮಾವನವರಿಗೆ ಇದು ನೊಬೆಲ್ ಇಲ್ಲದೆಯೇ ಗೊತ್ತು, ದನದ ಜಾತ್ರೆಯಲ್ಲಿ ಕಲಿತಿದ್ದು. ಎತ್ತು ಕೊಳ್ಳುವಾಗ ಬಾಯಿ ತೆರೆದು ಹಲ್ಲು ಎಣಿಸುತ್ತಾರೆ, ನಡೆಸಿ ನೋಡುತ್ತಾರೆ. ಪೆಟ್ರೋಲ್ ಕಾರಿಗೂ ಹಲ್ಲಿದೆ: ಜೆ.ಸಿ. ರೋಡಿನ ಮೆಕ್ಯಾನಿಕ್ ಬಾನೆಟ್ ಎತ್ತಿ ಎರಡು ನಿಮಿಷ ಕಿವಿಗೊಟ್ಟರೆ ಹೇಳಿಬಿಡುತ್ತಾನೆ. ಬ್ಯಾಟರಿ ಮಾತಾಡುವುದಿಲ್ಲ. ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿ ಹೆಲ್ತ್ ರಿಪೋರ್ಟ್ ತೆಗೆಸಬೇಕು, 100ರಿಂದ 20ಕ್ಕೆ ಇಳಿಯುವ ತನಕ ಓಡಿಸಿ ಕಿಲೋಮೀಟರ್ ಬರೆದುಕೊಳ್ಳಬೇಕು, 8 ವರ್ಷದ ವಾರಂಟಿ ಎರಡನೇ ಓನರ್‌ಗೂ ದಾಟುತ್ತದಾ ಅಂತ ಬರಹದಲ್ಲಿ ಕೇಳಬೇಕು. ನಾವು ನೋಡಿದ ಮೂರು ಕಾರುಗಳಲ್ಲಿ ಇಬ್ಬರು ಓನರ್‌ಗಳು ಇಷ್ಟು ಓಡಿಸೋಕೆ ಬಿಡಲಿಲ್ಲ. ಮೂರನೆಯವರು ಬೀಗದ ಕೈ ಕೊಟ್ಟು, "ಸಂಜೆ ತಂದುಕೊಡಿ ಸಾರ್" ಅಂದರು. 2021ರ ಕಾರು. ನೈಸ್ ರೋಡಿನಲ್ಲಿ ಸುತ್ತಿ ಸುತ್ತಿ 80 ಪರ್ಸೆಂಟ್‌ಗೆ 158 ಕಿಲೋಮೀಟರ್ ಬಂತು. ಅದನ್ನೇ ಒಪ್ಪಿಕೊಂಡೆವು. ತಿಪಟೂರಿನ ರಾತ್ರಿ ಪಯಣಕ್ಕಾಗಿ ಯಾವತ್ತೂ 80ಕ್ಕಿಂತ ಕೆಳಗೆ ಬಿಟ್ಟು ಮಲಗಬಾರದು ಅಂತ ಮನೆಯಲ್ಲಿ ಕಾನೂನಾಗಿದೆ. ಆಫೀಸಿಗೆ ಹೋಗದ ದಿನ ಆ ಕಾನೂನು ಪಾಲಿಸಲು ರಸ್ತೆಬದಿ ಚಾರ್ಜರ್‌ಗೇ ದುಡ್ಡು ಸುರಿಯಬೇಕು.

ಮಾವನವರಿಗೆ ಇದೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಅಂದರು: "ಅದೆಲ್ಲಾ ಸರಿ ಅಳಿಯಂದ್ರೆ, ಈ ಹಳೇದ್ನ ಯಾರಿಗ್ ಕೊಡ್ತೀರಿ?"

ನಮ್ಮದು 2014ರ ಡೀಸೆಲ್ ಹ್ಯಾಚ್‌ಬ್ಯಾಕ್. 1,30,000 ಓಡಿದೆ. ಮಸಿ ಹಿಡಿಯುವ ಫಿಲ್ಟರ್ ಡೀಸೆಲ್ ಕಾರುಗಳಿಗೆ ಬಂದದ್ದು 2020ರ ಬಿಎಸ್ 6 ನಂತರ, ಇದಕ್ಕಿಲ್ಲ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಓಡಿಸಬಾರದು ಅಂತ ಆದೇಶ ಬಂದಾಗ ಅಲ್ಲಿನ ಕಾರುಗಳು ಸುಮ್ಮನೆ ಮಾಯವಾಗಲಿಲ್ಲ, ಎನ್‌ಒಸಿ ಹಿಡಿದುಕೊಂಡು ಬೇರೆ ರಾಜ್ಯಗಳಿಗೆ ಹೊರಟವು. ನಮ್ಮದಕ್ಕೂ ಹಿರಿಯೂರು ಕಡೆಯ ಬ್ರೋಕರ್ ಒಬ್ಬ 2 ಲಕ್ಷದ 20 ಸಾವಿರ ಹೇಳಿದ. ಯಾರಿಗಾಗಿ ಅಂತ ಕೇಳಿದೆ. ವೈಟ್ ಬೋರ್ಡ್‌ನಲ್ಲೇ ಬಾಡಿಗೆಗೆ ಓಡಿಸೋರಿಗಂತೆ, ದಿನಕ್ಕೆ 200 ಕಿಲೋಮೀಟರ್. ನಾನು ವರ್ಷಕ್ಕೆ ಓಡಿಸುವಷ್ಟನ್ನು ಅದು ಎರಡು ತಿಂಗಳಲ್ಲಿ ಮುಗಿಸುತ್ತದೆ. ಸ್ಕ್ರ್ಯಾಪ್‌ಗೆ ಹಾಕಿದರೆ ಸಿಗುವುದು ಅದರ ಒಂದು ಸಣ್ಣ ಭಾಗ. ನಮ್ಮ 8 ಲಕ್ಷದೊಳಗೇ ಈ 2 ಲಕ್ಷ ಸೇರಿದೆ. ಅಂದರೆ ನನ್ನ ಹೊಗೆ ಇಲ್ಲದ ಕಾರಿಗೆ ದುಡ್ಡು ಕೊಡುತ್ತಿರುವುದು ಈ ಡೀಸೆಲ್ಲಿನ ಮುಂದಿನ ಹೊಗೆ.

ಹೆಂಡತಿ ಒಂದು ದಾರಿ ಹುಡುಕಿದಳು. ತಿಪಟೂರಿನಲ್ಲಿ ಮಾವನವರ ಪರಿಚಯದ ನಿವೃತ್ತ ಮೇಷ್ಟ್ರಿಗೆ ತೋಟಕ್ಕೆ, ಆಗೀಗ ಮದುವೆ ಮುಂಜಿಗೆ ಒಂದು ಕಾರು ಬೇಕಿತ್ತು. 1 ಲಕ್ಷದ 75 ಸಾವಿರಕ್ಕೆ ಮಾತಾಯಿತು. 45 ಸಾವಿರ ಕಡಿಮೆ. ಇನ್ನೆರಡು ಕಂತು ಹೆಚ್ಚು ಕಟ್ಟುತ್ತೇವೆ. ಕ್ಲಚ್ ಬದಲಾಯಿಸಬೇಕು, ಇಂಜೆಕ್ಟರ್ ಒಂದು ಸೋರುತ್ತೆ ಅಂತ ಮೇಷ್ಟ್ರಿಗೆ ಹೇಳಿದೆ. ಸರ್ವಿಸ್ ಬಿಲ್ಲುಗಳನ್ನೂ ಕೊಟ್ಟೆ. ಅವರು ಕನ್ನಡಕ ಏರಿಸಿ ಒಂದೊಂದೇ ಓದಿದರು, ಕ್ಲಚ್ಚಿಗೆ ಅಂತ 5 ಸಾವಿರ ಇನ್ನೂ ಇಳಿಸಿದರು.